ಮೂರನೇ ತೂತು

2018ರ ಸೆಪ್ಟೆಂಬರ್‌ನಲ್ಲಿ ಮುಂಬೈಯಿಂದ ಕೋಲ್ಕತ್ತಕ್ಕೆ ಹೊರಡಬೇಕಿದ್ದ ವಿಮಾನದಲ್ಲಿ ಒಬ್ಬ ಪ್ರಯಾಣಿಕ ಸೀಟಿನಿಂದೆದ್ದು ಸೀದಾ ಕಾಕ್‌ಪಿಟ್ ಒಳಗೆ ಹೋಗಲು ನೋಡಿದ. ಯಾಕಪ್ಪಾ ಎಂದರೆ, ಫೋನ್ ಚಾರ್ಜ್ ಮಾಡಬೇಕಿತ್ತು ಅಂದನಂತೆ. ಅವನನ್ನು ಕೆಳಗಿಳಿಸಿದ ಮೇಲೆ ವಿಮಾನ ಹೊರಟಿತು. ಪತ್ರಿಕೆಯಲ್ಲಿ ಬಂದ ಆ ಸುದ್ದಿ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ವಾರವಿಡೀ ಓಡಾಡಿತು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಈಗ ಆ ನಗು ಅಷ್ಟು ಸಲೀಸಾಗಿ ಬರುವುದಿಲ್ಲ. ಎಲ್ಲಿ ಪ್ಲಗ್ ಪಾಯಿಂಟ್ ಇದೆಯೋ ಅದು ನನ್ನ ಪಿನ್ನಿಗಾಗಿಯೇ ಇದೆ, ಅದರ ಹಿಂದೆ ಏನಿದೆ, ಅದರಿಂದ ಯಾರಿಗೆ ಏನಾಗುತ್ತದೆ ಎಂದು ನಾನು ಕೇಳಬೇಕಾಗಿಲ್ಲ. ಅವನ ತಲೆಯಲ್ಲಿ ಇದ್ದದ್ದು ಇಷ್ಟೇ ಇರಬೇಕು. ನನ್ನ ತಲೆಯಲ್ಲೂ ಇದ್ದದ್ದು ಅದೇ. ವ್ಯತ್ಯಾಸವೆಂದರೆ ಅವನನ್ನು ತಡೆಯಲು ಅಲ್ಲಿ ಜನ ಇದ್ದರು. ಕಾಂದಿವಲಿಯ ನನ್ನ ಬಾಡಿಗೆ ಮನೆಯಲ್ಲಿ ನನ್ನನ್ನು ತಡೆಯಲು ಯಾರೂ ಇರಲಿಲ್ಲ.

ಊರು ಬಿಟ್ಟು ಬಂದ ನಮ್ಮಂಥವರಿಗೆ ಪ್ಲಗ್ ಪಾಯಿಂಟ್ ಎಂದರೆ ಸಣ್ಣ ವಿಷಯವಲ್ಲ. ಪೇಯಿಂಗ್ ಗೆಸ್ಟ್ ಆಗಿ ಕಾಲಿಟ್ಟ ಮೊದಲ ದಿನ ಹಾಸಿಗೆ ಯಾವುದು ಎಂದು ನೋಡುವ ಮೊದಲು ಅದರ ಹತ್ತಿರ ಪಾಯಿಂಟ್ ಇದೆಯೇ ಎಂದು ನೋಡುತ್ತೇವೆ. ಕುರ್ಲಾ ಟರ್ಮಿನಸ್ಸಿನಲ್ಲಿ ಮತ್ಸ್ಯಗಂಧ ಹತ್ತಿದರೆ ಬ್ಯಾಗ್ ಇಡುವ ಮೊದಲೇ ಚಾರ್ಜರ್ ಸಿಕ್ಕಿಸುತ್ತೇವೆ. ಕೆಲವು ವರ್ಷಗಳ ಹಿಂದೆ, ಬೆಂಕಿಯ ಭಯದಿಂದ ರೈಲುಗಳಲ್ಲಿ ರಾತ್ರಿ 11ರಿಂದ ಬೆಳಗಿನ 5ರವರೆಗೆ ಚಾರ್ಜಿಂಗ್ ಪಾಯಿಂಟಿನ ಕರೆಂಟು ತೆಗೆಯುವ ಕ್ರಮ ಬಂದಾಗ ಗೊಣಗಿದವರಲ್ಲಿ ನಾನೂ ಒಬ್ಬ. ನಾನೇನು ಚಿಕ್ಕ ಮಗುವೇ, ನನ್ನ ಫೋನಿನ ಜವಾಬ್ದಾರಿ ನನಗಿಲ್ಲವೇ ಎಂಬುದು ನನ್ನ ವಾದ. ಬೋಗಿಯಲ್ಲಿ ಇನ್ನೂ ಎಪ್ಪತ್ತು ಜನ ನಿದ್ದೆ ಮಾಡುತ್ತಿರುತ್ತಾರೆ ಎಂಬುದು ಆ ವಾದದ ಒಳಗೆ ಬಂದೇ ಇರಲಿಲ್ಲ.

ಎರಡು ವರ್ಷದ ಹಿಂದೆ ಕಂಪನಿ ಕೆಲಸದ ಮೇಲೆ ಮುಂಬೈಯಿಂದ ಫ್ರಾಂಕ್‌ಫರ್ಟಿಗೆ ಹೋಗುವಾಗ ಸೀಟಿನ ಕೆಳಗಿದ್ದ ಪಾಯಿಂಟಿಗೆ ಲ್ಯಾಪ್‌ಟಾಪ್ ಸಿಕ್ಕಿಸಿದೆ. ಹಸಿರು ದೀಪ ಬಂತು. ಕಾಲು ಚಾಚುವಾಗ ಪ್ಲಗ್ ಅರ್ಧ ಜಾರಿತು, ದೀಪ ಆರಿತು. ಎರಡು ಸಲ ಹೀಗಾದ ಮೇಲೆ ಸಿಟ್ಟು ಬಂತು. ಲಕ್ಷ ರೂಪಾಯಿ ಹತ್ತಿರದ ಟಿಕೆಟ್ಟು, ಒಂದು ನೆಟ್ಟಗಿನ ಪ್ಲಗ್ ಪಾಯಿಂಟ್ ಇಲ್ಲ ಎಂದುಕೊಂಡೆ. ಅದು ಕೆಟ್ಟಿರಲಿಲ್ಲ, ಅದರ ಸ್ವಭಾವವೇ ಹಾಗೆ ಎಂಬುದು ತಿಳಿದದ್ದು ಆಮೇಲೆ, ಓದಿದಾಗ.

ವಿಮಾನದ ಎಂಜಿನ್ನಿನಿಂದ ಬರುವ ಕರೆಂಟು ಸಾಮಾನ್ಯವಾಗಿ 115 ವೋಲ್ಟ್, 400 ಹರ್ಟ್ಸ್. ಅದನ್ನು ಸೀಟಿನ ಅಡಿಯ ಒಂದು ಪೆಟ್ಟಿಗೆ ನಮ್ಮ ಚಾರ್ಜರಿಗೆ ಹೊಂದುವಂತೆ 110 ವೋಲ್ಟ್, 60 ಹರ್ಟ್ಸ್‌ಗೆ ಬದಲಿಸಿ ಕೊಡುತ್ತದೆ. ಕೊಡುವುದು ಲ್ಯಾಪ್‌ಟಾಪಿಗೆ ಸಾಕಾಗುವಷ್ಟನ್ನು ಮಾತ್ರ, ಇಸ್ತ್ರಿಪೆಟ್ಟಿಗೆಗೆ ಸಾಲುವಷ್ಟನ್ನಲ್ಲ. ಹೆಚ್ಚು ಎಳೆದರೆ ತಾನಾಗಿ ಬಂದ್ ಆಗುತ್ತದೆ. ಇಂಥ ಎಷ್ಟೋ ಪಾಯಿಂಟುಗಳಲ್ಲಿ ಎರಡೂ ಪಿನ್ನು ಒಟ್ಟಿಗೆ ಒಳಗೆ ಹೋಗುವವರೆಗೆ ಕರೆಂಟೇ ಬರುವುದಿಲ್ಲ. ಮಗು ಒಂದು ತೂತಿಗೆ ಹೇರ್‌ಪಿನ್ ತುರುಕಿದರೆ ಏನೂ ಆಗುವುದಿಲ್ಲ. ಬೇಕೆಂದಾಗ ಎಲ್ಲ ಸೀಟುಗಳ ಕರೆಂಟನ್ನೂ ವಿಮಾನದ ಸಿಬ್ಬಂದಿ ಒಟ್ಟಿಗೆ ತೆಗೆಯಬಹುದು.

ಅಂದರೆ ಆ ಪ್ಲಗ್ ಪಾಯಿಂಟ್ ನನ್ನನ್ನು ನಂಬುವುದಿಲ್ಲ. ನಾನು ಜಾಣನೋ ಪೆದ್ದನೋ, ಕುಡಿದಿದ್ದೇನೋ, ನನ್ನ ಚಾರ್ಜರ್ ರಸ್ತೆಬದಿಯದೋ ಎಂದು ಅದು ಕೇಳುವುದಿಲ್ಲ. ಇವನಿಂದ ತಪ್ಪಾಗಬಹುದು ಎಂದು ಮೊದಲೇ ಲೆಕ್ಕ ಹಾಕಿಕೊಂಡು ಕುಳಿತಿದೆ. ಮೊದಲು ನನಗೆ ಇದು ಅವಮಾನ ಅನ್ನಿಸಿತು. ಈಗ ಮರ್ಯಾದೆ ಅನ್ನಿಸುತ್ತದೆ. ನನ್ನ ತಪ್ಪಿಗೆ ಪಕ್ಕದ ಸೀಟಿನವರು ಸಾಯಬಾರದು ಎಂದು ಯಾರೋ ಕುಳಿತು ಯೋಚಿಸಿದ್ದಾರೆ.

ಇನ್ನು ನನ್ನ ಮನೆಯ ಕಥೆ.

ಎಂಬತ್ತರ ದಶಕದಲ್ಲಿ ಕಟ್ಟಿದ ಬಿಲ್ಡಿಂಗು, ಎರಡನೇ ಮಹಡಿ. ಓನರ್ ಪುಣೆಯಲ್ಲಿದ್ದಾರೆ. ಕಳೆದ ಜುಲೈಯಲ್ಲಿ ಮಳೆ ಹಿಡಿದ ಮೇಲೆ ಫ್ರಿಜ್ಜಿನ ಬಾಗಿಲು ಮುಟ್ಟಿದರೆ ಜುಮ್ ಅನ್ನತೊಡಗಿತು. ಶಾಕ್ ಅಂತ ಹೇಳುವಷ್ಟಲ್ಲ, ಇರುವೆ ಹರಿದಂತೆ. ಚಪ್ಪಲಿ ಹಾಕಿಕೊಂಡರೆ ಅದೂ ಇಲ್ಲ. ನಾನು ಓನರಿಗೆ ಫೋನ್ ಮಾಡಿದೆ. "ಮಳೆಗಾಲದಲ್ಲಿ ಮುಂಬೈಯ ಎಲ್ಲ ಮನೆಗಳಲ್ಲೂ ಹಾಗೇ" ಅಂದರು. ಹೌದಿರಬಹುದು ಅನ್ನಿಸಿತು. ಹೆಂಡತಿಗೆ ಹೇಳಿದೆ, ಎಂಟು ವರ್ಷದ ಮಗಳಿಗೂ ಹೇಳಿದೆ: "ಪುಟ್ಟಾ, ಚಪ್ಪಲಿ ಹಾಕ್ಕೊಂಡೇ ಫ್ರಿಜ್ ತೆಗೀಬೇಕು, ಆಯ್ತಾ?" ಅವಳು ಅದನ್ನು ಆಟದ ನಿಯಮದ ಹಾಗೆ ಪಾಲಿಸಿದಳು. ಮೂರು ವಾರ ಹೀಗೇ ನಡೆಯಿತು.

ನಮ್ಮ ಮನೆಗೆ ಬೆಳಿಗ್ಗೆ ಒಂಬತ್ತಕ್ಕೆ ಒಬ್ಬ ಮೌಶಿ ಬರುತ್ತಾರೆ. ಪಾತ್ರೆ, ನೆಲ ಒರೆಸುವುದು. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಡುತ್ತಾರೆ. ಅದು ನಮ್ಮ ಮನೆಯ ಪದ್ಧತಿ, ನಿಮ್ಮ ಮನೆಯಲ್ಲೂ ಹಾಗೇ ಇರಬಹುದು. ಒಂದು ದಿನ ಫ್ರಿಜ್ಜಿನ ಅಡಿಗೆ ಒದ್ದೆ ಬಟ್ಟೆ ಹಾಕಿ ಒರೆಸಿದ ಅವರು ಎದ್ದೇಳಲು ಬಾಗಿಲಿನ ಹಿಡಿ ಹಿಡಿದರು. ಕೂಗಲಿಲ್ಲ. ಧಪ್ ಎಂಬ ಸದ್ದು ಕೇಳಿ ನಾನು ಹೋದಾಗ ನೆಲದ ಮೇಲೆ ಕುಳಿತಿದ್ದರು. ಮೊಣಕೈ ಅಡುಗೆ ಕಟ್ಟೆಗೆ ಬಡಿದು ಊದಿಕೊಂಡಿತ್ತು. "ಕಾಹೀ ನಾಹೀ, ಝಟಕಾ ಲಾಗಲಾ" ಅಂದರು. ಏನಿಲ್ಲ, ಶಾಕ್ ಹೊಡೀತು ಅಷ್ಟೇ, ಎಂದು ನನ್ನನ್ನೇ ಸಮಾಧಾನ ಮಾಡುವಂತೆ. ಬಟ್ಟೆ ಹಿಂಡಿ ಮತ್ತೆ ಒರೆಸಲು ಹೊರಟರು.

ಹೆಂಡತಿ ನನ್ನನ್ನು ಕೇಳಿದಳು, "ನೀವು ಅವರಿಗೆ ಹೇಳಿರಲಿಲ್ವಾ?"

"ನೀನು?"

ಇಬ್ಬರೂ ಹೇಳಿರಲಿಲ್ಲ.

ನಾನು ಇಷ್ಟೆಲ್ಲ ಬರೆಯುತ್ತಿರುವುದು ಈ ಒಂದು ಪ್ರಶ್ನೆಗಾಗಿ: ಯಾಕೆ ಹೇಳಿರಲಿಲ್ಲ? ಬೇಕೆಂದು ಮುಚ್ಚಿಟ್ಟದ್ದಲ್ಲ. ಅವರ ಮೇಲೆ ನಮಗೆ ಸಿಟ್ಟಿರಲಿಲ್ಲ, ಅಭಿಮಾನವೇ ಇತ್ತು. ದೀಪಾವಳಿಗೆ ಸೀರೆ, ಬೋನಸ್ಸು, ಅವರ ಮಗನ ಶಾಲೆಯ ಫೀಸಿಗೆ ಒಂದಿಷ್ಟು, ಎಲ್ಲ ಕೊಟ್ಟಿದ್ದೇವೆ. ಆದರೆ "ಫ್ರಿಜ್ ಹೊಡೆಯುತ್ತದೆ" ಎಂದು ತಿಳಿದ ಕೂಡಲೇ ಮನಸ್ಸು ತಾನಾಗಿ ಒಂದು ಹಾಜರಿ ಪಟ್ಟಿ ಮಾಡಿತು. ಯಾರಿಗೆ ಹೇಳಬೇಕು? ಹೆಂಡತಿಗೆ, ಮಗಳಿಗೆ. ಪಟ್ಟಿ ಮುಗಿಯಿತು. ದಿನವೂ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಒದ್ದೆ ಕೈ, ಬರಿಗಾಲಿನಲ್ಲಿ ಇರುವವರ ಹೆಸರು ಅದರಲ್ಲಿ ಬರಲೇ ಇಲ್ಲ. ನಮಗಿದ್ದ ಪರಿಹಾರ ಚಪ್ಪಲಿ. ಆ ಚಪ್ಪಲಿಯನ್ನು ಅವರು ಹೊರಗೆ ಬಿಡುವಂತೆ ಮಾಡಿದ್ದೂ ನಾವೇ. ದಾನದಲ್ಲಿ ನಾನು ಅವರನ್ನು ನೆನೆದಿದ್ದೆ, ಅಪಾಯದಲ್ಲಿ ನೆನೆಯಲಿಲ್ಲ. ಎರಡನೆಯದೇ ಹೆಚ್ಚು ನಿಜವಾದ ಲೆಕ್ಕ ಎಂದು ಈಗ ಅನ್ನಿಸುತ್ತದೆ.

ಅಂದು ಸಂಜೆಯೇ ಎಲೆಕ್ಟ್ರಿಶಿಯನ್ ಬಂದ. ಉತ್ತರ ಪ್ರದೇಶದ ಕಡೆಯ ಹುಡುಗ. ಫ್ರಿಜ್ಜಿನ ಹಿಂದಿನ ಬೋರ್ಡ್ ಬಿಚ್ಚಿ ಟಾರ್ಚ್ ಹಿಡಿದು ನನ್ನನ್ನು ಕರೆದ. ಕೆಳಗಿನ ಎರಡು ತೂತುಗಳಿಗೆ ತಂತಿ ಇತ್ತು. ಮೇಲಿನ ದೊಡ್ಡ ತೂತಿನ ಸ್ಕ್ರೂ ಹೊಸದಾಗಿ ಹೊಳೆಯುತ್ತಿತ್ತು, ಅದನ್ನು ಯಾರೂ ಯಾವತ್ತೂ ತಿರುಗಿಸಿಯೇ ಇರಲಿಲ್ಲ. "ಯೇ ತೋ ಶೋ ಕಾ ಹೈ, ಸಾಬ್" ಅಂದ. ಇದು ನೋಡಲಿಕ್ಕೆ ಮಾತ್ರ ಇರುವುದು.

ಆ ಮೂರನೇ ತೂತಿನ ಕೆಲಸ ಏನು ಎಂದು ನಮ್ಮಲ್ಲಿ ಎಂಜಿನಿಯರಿಂಗ್ ಓದಿದವರೂ ಒಂದು ಗಳಿಗೆ ಯೋಚಿಸಬೇಕಾಗುತ್ತದೆ. ಎರಡು ತಂತಿ ಕರೆಂಟು ತಂದು ಒಯ್ದು ಮಾಡುತ್ತವೆ. ಮೂರನೆಯದು, ಅರ್ಥಿಂಗ್, ಎಲ್ಲ ಸರಿ ಇದ್ದಾಗ ಸುಮ್ಮನಿರುತ್ತದೆ. ಒಳಗಿನ ತಂತಿ ಸವೆದು ಯಂತ್ರದ ಮೈಗೆ ಕರೆಂಟು ಬಂದ ದಿನ ಅದನ್ನು ನೆಲಕ್ಕೆ ಇಳಿಸಿ, ಫ್ಯೂಸ್ ಹೋಗುವಂತೆ ಮಾಡುವುದು ಅದರ ಕೆಲಸ. ಆ ತಂತಿ ಇಲ್ಲದಿದ್ದರೆ ಆ ಕೆಲಸವನ್ನು ಮುಟ್ಟಿದವರ ಮೈ ಮಾಡುತ್ತದೆ. ನಾವು ಬಳಸುವುದು ಬ್ರಿಟಿಷರ ಹಳೆಯ ದುಂಡು ಪಿನ್ನಿನ ಮಾದರಿ. 1947ರಲ್ಲಿ ಅವರು ಚೌಕ ಪಿನ್ನಿನ ಹೊಸ ಮಾದರಿ ಮಾಡಿಕೊಂಡರು, ನಾವು ಹಳೆಯದನ್ನೇ ಉಳಿಸಿಕೊಂಡೆವು. ಅದರಲ್ಲಿ ಮೂರನೇ ಪಿನ್ನು ಉಳಿದೆರಡಕ್ಕಿಂತ ಉದ್ದ ಮತ್ತು ದಪ್ಪ. ಉದ್ದ ಯಾಕೆಂದರೆ ಅದು ಮೊದಲು ಒಳಗೆ ಹೋಗಬೇಕು, ಕೊನೆಗೆ ಹೊರಗೆ ಬರಬೇಕು. ದಪ್ಪ ಯಾಕೆಂದರೆ ತಪ್ಪಿಯೂ ಕರೆಂಟಿನ ತೂತಿಗೆ ಹೋಗಬಾರದು. ಒಳ್ಳೆಯ ಸಾಕೆಟ್ಟುಗಳಲ್ಲಿ ಕೆಳಗಿನ ಎರಡು ತೂತುಗಳ ಮುಚ್ಚಳ ತೆರೆಯುವುದೂ ಅದೇ. ನಾವು ಏನು ಮಾಡುತ್ತೇವೆ? ಎರಡು ಪಿನ್ನಿನ ಚಾರ್ಜರ್ ಒಳಗೆ ಹೋಗದಿದ್ದಾಗ ಆ ಮೂರನೇ ತೂತಿಗೆ ಪೆನ್ನಿನ ಕ್ಯಾಪ್ ತುರುಕಿ ಮುಚ್ಚಳ ತೆರೆಸುತ್ತೇವೆ. ನಾನು ನೂರು ಸಲ ಮಾಡಿದ್ದೇನೆ, ಮಗಳ ಎದುರಿಗೇ.

ತೂತು ಇಲ್ಲದಿದ್ದರೆ ಒಂದು ರೀತಿ ವಾಸಿಯಿತ್ತು. ಎರಡೇ ತೂತಿನ ಹಳೆಯ ಬೋರ್ಡ್ ಕಂಡರೆ ಜನ ಜಾಗ್ರತೆಯಾಗಿರುತ್ತಾರೆ. ತೂತು ಇದ್ದು ಹಿಂದೆ ತಂತಿ ಇಲ್ಲದಿರುವುದು ಬರೀ ಕೊರತೆ ಅಲ್ಲ, ಅದು ಸುಳ್ಳು. ಗೋಡೆಯ ಮೇಲೆ ಕುಳಿತು ಮೂವತ್ತು ವರ್ಷ ಬಂದವರಿಗೆಲ್ಲ ಹೇಳಿದ ಸುಳ್ಳು. ಹೇಳಿದವರು ಯಾರು? ಬಿಲ್ಡರೋ, ಆಗಿನ ವೈರ್‌ಮನ್ನೋ, ಓನರೋ? ಯಾರನ್ನು ಕೇಳಿದರೂ ಇನ್ನೊಬ್ಬರನ್ನು ತೋರಿಸುತ್ತಾರೆ. ಆದರೆ ಮೂರು ವಾರ ಅದು ಸುಳ್ಳು ಎಂದು ಮೈಮೇಲಿನ ಇರುವೆಯಿಂದ ತಿಳಿದೂ ಸುಮ್ಮನಿದ್ದವನು ನಾನು. ಆ ಮೂರು ವಾರಗಳ ಮಟ್ಟಿಗೆ ಸುಳ್ಳು ನನ್ನದೇ.

ನನ್ನ ದೊಡ್ಡಪ್ಪ ಹದಿಮೂರನೇ ವಯಸ್ಸಿಗೆ ಉಡುಪಿಯ ಕಡೆಯಿಂದ ಮುಂಬೈಗೆ ಬಂದು ಫೋರ್ಟಿನ ಹೋಟೆಲೊಂದರಲ್ಲಿ ಟೇಬಲ್ ಒರೆಸಿದವರು, ರಾತ್ರಿಶಾಲೆಯಲ್ಲಿ ಓದಿದವರು. ಹಿಟ್ಟು ರುಬ್ಬುವ ಯಂತ್ರದ ಪಕ್ಕದಲ್ಲೇ ಮಲಗುತ್ತಿದ್ದರಂತೆ. ಅವರಿಗೆ ಹಿರಿಯ ಕೆಲಸಗಾರರು ಕಲಿಸಿದ ಮೊದಲ ಪಾಠ: ಯಂತ್ರವನ್ನು ಮುಟ್ಟಲೇಬೇಕಾದರೆ ಅಂಗೈಯಿಂದ ಮುಟ್ಟಬೇಡ, ಮೊದಲು ಕೈಯ ಹಿಂಭಾಗ ತಾಗಿಸು. ಕರೆಂಟು ಹೊಡೆದರೆ ಸ್ನಾಯು ಬಿಗಿಯುತ್ತದೆ, ಅಂಗೈಯಾದರೆ ಮುಷ್ಟಿ ಮುಚ್ಚಿ ಹಿಡಿದುಕೊಂಡುಬಿಡುತ್ತದೆ, ಬಿಡಿಸಿಕೊಳ್ಳಲಾಗುವುದಿಲ್ಲ. ಹಿಂಭಾಗವಾದರೆ ಕೈ ತಾನಾಗಿ ಸರಿಯುತ್ತದೆ. ಇದು ಯಂತ್ರ ಪರೀಕ್ಷಿಸುವ ವಿಧಾನವಲ್ಲ, ಯಾರೂ ಮಾಡಬೇಡಿ. ಬೇರೆ ಯಾವ ರಕ್ಷಣೆಯೂ ಇಲ್ಲದವರು ಬದುಕಲು ಕಂಡುಕೊಂಡದ್ದು ಅದು. ಆದರೂ ಒಂದು ಮಾತು. ಆ ಹುಡುಗರು ಒಬ್ಬರಿಗೊಬ್ಬರು ಹೇಳುತ್ತಿದ್ದರು. ಹೊಸ ಹುಡುಗ ಬಂದ ದಿನವೇ ಹೇಳುತ್ತಿದ್ದರು. ಅರ್ಥಿಂಗ್ ಇಲ್ಲದ ಕಡೆ ಆ ಮಾತೇ ಅವರ ಮೂರನೇ ತಂತಿ. ಆ ಮನೆತನದಲ್ಲಿ ಹುಟ್ಟಿ, ಓದಿ, ಕಾಂದಿವಲಿಗೆ ಬಂದ ನಾನು ಆ ಮಾತನ್ನೂ ಕಳೆದುಕೊಂಡಿದ್ದೆ.

ವಿಮಾನದಲ್ಲಿ ಅಷ್ಟು ಎಚ್ಚರ, ಮನೆಯಲ್ಲಿ ಇಷ್ಟು ಉದಾಸೀನ ಏಕೆ? ವಿಮಾನ ಮಾಡುವವರು ನಮಗಿಂತ ಒಳ್ಳೆಯವರೆಂದೇನೂ ಅಲ್ಲ. ದುಡ್ಡಿನ ಮಾತು ಇದೆ, ನಿಜ. ಆದರೆ ಇನ್ನೊಂದು ಕಾರಣವೂ ಇದೆ. ವಿಮಾನದಲ್ಲಿ ಬೆಂಕಿ ಬಿದ್ದರೆ ಬಿಸಿನೆಸ್ ಕ್ಲಾಸಿನವರೂ, ಕೊನೆಯ ಸಾಲಿನವರೂ, ಪೈಲಟ್ಟೂ ಒಟ್ಟಿಗೇ ಹೋಗುತ್ತಾರೆ. ಅಲ್ಲಿ ಅಪಾಯವನ್ನು ಬೇರೆಯವರಿಗೆ ದಾಟಿಸಲು ಬರುವುದಿಲ್ಲ. ಮನೆಯಲ್ಲಿ ಬರುತ್ತದೆ. ತಂತಿ ಉಳಿಸಿದ ಬಿಲ್ಡರ್ ಒಂದು ಕಡೆ, ಬಾಡಿಗೆ ಎಣಿಸುವ ಓನರ್ ಪುಣೆಯಲ್ಲಿ, ಚಪ್ಪಲಿ ಹಾಕಿದ ನಾನು ಹಾಲಿನಲ್ಲಿ, ಒದ್ದೆ ನೆಲದ ಮೇಲೆ ಮೌಶಿ. ತೀರ್ಮಾನ ಮಾಡುವವರ ಕೈ ಒಣಗಿದೆ, ಮುಟ್ಟುವವರ ಕೈ ಒದ್ದೆಯಾಗಿದೆ.

ವಿಮಾನದಲ್ಲೂ ಸುಳ್ಳು ನಡೆದದ್ದಿದೆ. 1998ರ ಸೆಪ್ಟೆಂಬರ್ 2ರಂದು ನ್ಯೂಯಾರ್ಕಿನಿಂದ ಜಿನೀವಾಕ್ಕೆ ಹೊರಟ ಸ್ವಿಸ್‌ಏರ್ 111 ಕೆನಡಾದ ಕರಾವಳಿಯ ಬಳಿ ಸಮುದ್ರಕ್ಕೆ ಬಿತ್ತು. 229 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಕಾಕ್‌ಪಿಟ್ಟಿನ ಚಾವಣಿಯ ಹಿಂದೆ ಬೆಂಕಿ ಹತ್ತಿತ್ತು. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ತನಿಖೆ ಮಾಡಿದ ಕೆನಡಾದವರು, ಪ್ರಯಾಣಿಕರ ಮನರಂಜನೆಗೆಂದು ಆಮೇಲೆ ಜೋಡಿಸಿದ್ದ ವ್ಯವಸ್ಥೆಯ ತಂತಿಯಲ್ಲಿ ಕಿಡಿ ಹಾರಿದ ಗುರುತು ಕಂಡರು. ಬೆಂಕಿಗೆ ಅದೊಂದೇ ಕಾರಣ ಎಂದು ಅವರು ಹೇಳಲಿಲ್ಲ. ಆದರೆ ಇನ್ನೊಂದು ವಿಷಯ ಸ್ಪಷ್ಟವಾಯಿತು. ಪ್ರಯಾಣಿಕರ ಭಾಗದ ಕರೆಂಟನ್ನು ತೆಗೆಯಲು ಪೈಲಟ್ಟುಗಳ ಬಳಿ ಒಂದು ಸ್ವಿಚ್ ಇತ್ತು. ಆ ಹೊಸ ವ್ಯವಸ್ಥೆಗೆ ಮಾತ್ರ ಕರೆಂಟು ಬೇರೆ ದಾರಿಯಿಂದ ಬರುತ್ತಿತ್ತು. ಸ್ವಿಚ್ ಒತ್ತಿದರೂ ಅದು ಆರುತ್ತಿರಲಿಲ್ಲ. ನನ್ನ ಗೋಡೆಯ ಮೂರನೇ ತೂತಿನಂಥದೇ ಸ್ವಿಚ್ಚು.

ಮುಂದೆ ಆದದ್ದು ಮಾತ್ರ ಬೇರೆ. ಸಮುದ್ರದ ತಳದಿಂದ ವಿಮಾನದ ಚೂರುಗಳನ್ನು ಆರಿಸಿ ತಂದರು, ತಂತಿ ತಂತಿಯನ್ನು ನೋಡಿದರು, ಆ ವ್ಯವಸ್ಥೆಯನ್ನು ತೆಗೆಸಿದರು, ಬೆಂಕಿಯನ್ನು ಹಬ್ಬಿಸಿದ ಗೋಡೆಯ ಹೊದಿಕೆಯನ್ನು ಬೇರೆ ವಿಮಾನಗಳಲ್ಲೂ ಬದಲಿಸಲು ನಿಯಮ ಬಂತು. ನಮ್ಮ ದೇಶದಲ್ಲಿ ಕರೆಂಟು ಹೊಡೆದು ಸಾಯುವವರು ವರ್ಷಕ್ಕೆ 10,000ಕ್ಕೂ ಹೆಚ್ಚು. ಒಬ್ಬೊಬ್ಬರೇ ಸಾಯುತ್ತಾರೆ, ಬೇರೆ ಬೇರೆ ಓಣಿಗಳಲ್ಲಿ. ಒಳಪುಟದ ಮೂರು ಸಾಲು ಸುದ್ದಿ. ಯಾರೂ ಬೋರ್ಡ್ ಬಿಚ್ಚಿ ನೋಡುವುದಿಲ್ಲ. ಮನುಷ್ಯರ ಮೈಯಲ್ಲಿ ಕರೆಂಟು ಸೋರಿದ ಕ್ಷಣವೇ ಲೈನ್ ಬಂದ್ ಮಾಡುವ ಸಾಧನವೊಂದಿದೆ, ಆರ್‌ಸಿಸಿಬಿ ಅನ್ನುತ್ತಾರೆ. ಅಂಥದ್ದು ಇರಲೇಬೇಕು ಎಂದು 2010ರ ಕೇಂದ್ರ ಸುರಕ್ಷತಾ ನಿಯಮ ಹೇಳಿತು, ಆದರೆ 5 ಕಿಲೋವಾಟ್‌ಗಿಂತ ಕಡಿಮೆಯ ಮನೆ ಸಂಪರ್ಕಗಳಿಗೆ ವಿನಾಯಿತಿ ಕೊಟ್ಟಿತು. ಮುಂದೆ ಆ ಮಿತಿಯನ್ನು ಇಳಿಸಿದರು. ಸಣ್ಣ ಮನೆಗೆ ಖರ್ಚಿನ ಹೊರೆ ಬೇಡ ಎಂಬ ಕರುಣೆಯೇ ಇರಬಹುದು ಅದು. ಆದರೆ ಒಂದೇ ಕೋಣೆಯಲ್ಲಿ ಅಡುಗೆ, ಸ್ನಾನ, ಬೋರ್ಡ್ ಎಲ್ಲ ಇರುವುದು ಆ ಸಣ್ಣ ಮನೆಯಲ್ಲೇ.

"ನೀನು ಅತಿ ಮಾಡ್ತೀಯ ಮಾರಾಯ, ಅವರಿಗೂ ಇದೆಲ್ಲ ಗೊತ್ತಿರ್ತದೆ" ಅಂದ ಒಬ್ಬ ಗೆಳೆಯ. ನಿಜ, ಗೊತ್ತಿತ್ತು. ಎಷ್ಟು ಗೊತ್ತಿತ್ತು ಎಂಬುದೇ ನನ್ನನ್ನು ಕಾಡುತ್ತಿರುವುದು. ಮನೆಗೆ ಅರ್ಥಿಂಗ್ ತಂತಿ ಎಳೆಸಿ ಆರ್‌ಸಿಸಿಬಿ ಹಾಕಿಸಿದ ಮೇಲೆ ನಾನು ಮೌಶಿಯ ಹತ್ತಿರ ತಪ್ಪಾಯಿತು ಅಂದೆ. ಅವರಿಗೆ ಮುಜುಗರವಾಯಿತು. ಆಮೇಲೆ ತಾವು ಕೆಲಸ ಮಾಡುವ ಮನೆಗಳ ಲೆಕ್ಕ ಒಪ್ಪಿಸಿದರು: ಎದುರು ಬಿಲ್ಡಿಂಗಿನ ಮೇಲಿನ ಮಹಡಿಯಲ್ಲಿ ಗೀಸರ್ ಚಾಲೂ ಇದ್ದಾಗ ನಲ್ಲಿ ಮುಟ್ಟಬಾರದು, ಹಿಂದಿನ ವಿಂಗಿನಲ್ಲಿ ವಾಷಿಂಗ್ ಮಷೀನು, ಇನ್ನೊಂದು ಕಡೆ ಮಿಕ್ಸರ್. ಐದು ಮನೆಗಳಲ್ಲಿ ಮೂರರಲ್ಲಿ ಏನೋ ಒಂದು. ಯಾರೂ ಹೇಳಿದ್ದಲ್ಲ, ಒಂದೊಂದನ್ನೂ ಒಂದೊಂದು ಸಲ ಹೊಡೆಸಿಕೊಂಡೇ ಕಲಿತದ್ದು. ನಮ್ಮ ಮನೆಯ ಫ್ರಿಜ್ ಆ ಪಟ್ಟಿಗೆ ಹೊಸದಾಗಿ ಸೇರಿತ್ತು, ಅಷ್ಟೇ.

ಆಮೇಲೆ ಕೇಳಿದರು, "ಆ ಡಬ್ಬಿಗೆ ಎಷ್ಟಾಯಿತು?"

ಎರಡೂವರೆ ಸಾವಿರ ಅಂದೆ. ನಾವು ಅವರಿಗೆ ತಿಂಗಳಿಗೆ ಕೊಡುವುದು ಹತ್ತಿರ ಹತ್ತಿರ ಅಷ್ಟೇ. ಅವರು ಮತ್ತೇನೂ ಕೇಳಲಿಲ್ಲ.

ಮುಂದಿನ ಭಾನುವಾರ ಅದೇ ಹುಡುಗನ ಕೈಯಲ್ಲಿ ಒಂದು ಡಬ್ಬಿ ಕೊಟ್ಟು ಅವರ ಖೋಲಿಗೆ ಕಳಿಸಿದೆ, ನಾನೂ ಹೋದೆ. ಸಾಲವನ್ನು ತೀರಿಸಿ ಹಗುರಾಗುವ ಆಸೆ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಡಬ್ಬಿ ಕೂರಿಸಿ ಫ್ಯಾನ್ ಹಾಕಿದ ಕೂಡಲೇ ಟಪ್ ಎಂದು ಬಂದ್ ಆಯಿತು. ಮತ್ತೆ ಎತ್ತಿದ, ಮತ್ತೆ ಟಪ್. ಅರ್ಧ ಗಂಟೆ ಹುಡುಕಿದ ಮೇಲೆ ಗೊತ್ತಾಯಿತು, ಅವರ ಮನೆಯ ನ್ಯೂಟ್ರಲ್ ತಂತಿ ಗೋಡೆಯೊಳಗೆ ಎಲ್ಲೋ ಪಕ್ಕದ ಮನೆಯ ತಂತಿಗೆ ಸೇರಿಕೊಂಡಿತ್ತು. ಹೋದ ಕರೆಂಟು ಬಂದ ದಾರಿಯಲ್ಲೇ ಮರಳದಿದ್ದರೆ ಆ ಡಬ್ಬಿ ಸುಮ್ಮನಿರುವುದಿಲ್ಲ. ಪಕ್ಕದ ಮನೆಯನ್ನೂ, ಅದರ ಆಚೆಯದನ್ನೂ ಬಿಚ್ಚಿ ಸರಿಪಡಿಸದೆ ಇವರೊಬ್ಬರಿಗೆ ಮಾತ್ರ ಸುರಕ್ಷತೆ ಕೊಡಲು ಬರುವುದಿಲ್ಲ ಅಂದ ಹುಡುಗ. ಡಬ್ಬಿ ತೆಗೆದು ಕಪಾಟಿನ ಮೇಲಿಟ್ಟು ಬಂದೆವು.

ಮೌಶಿ ಈಗ ಆ ಎರಡು ಮನೆಯವರನ್ನು ಒಪ್ಪಿಸುತ್ತಿದ್ದಾರೆ. ಒಬ್ಬರು ಒಪ್ಪಿದ್ದಾರೆ, ಇನ್ನೊಬ್ಬರು ಗಣಪತಿ ಹಬ್ಬ ಮುಗಿಯಲಿ ಅಂದಿದ್ದಾರೆ. ಇತ್ತ ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ಎಲ್ಲ ಮನೆಗಳ ಅರ್ಥಿಂಗ್ ನೋಡಿಸೋಣ ಎಂದು ನಾನು ಎದ್ದು ಹೇಳಿದಾಗ, ಬಾಡಿಗೆಯವರು ಮಾತಾಡುವ ಹಾಗಿಲ್ಲ ಅಂದರು. ಓನರಿಂದ ಪತ್ರ ಬರೆಸಿ ತರುತ್ತೇನೆ ಎಂದಿದ್ದೇನೆ. ಅಷ್ಟರವರೆಗೆ ಮಾಡಬಹುದಾದದ್ದು ಒಂದಿತ್ತು, ಮಾಡಿದೆ. ಮೌಶಿ ಕೊಟ್ಟ ಲೆಕ್ಕದ ಮೂರು ಮನೆಗಳಿಗೆ ಹೋಗಿ ಬಾಗಿಲು ತಟ್ಟಿದೆ. ಅವರ ಹೆಸರು ಹೇಳಲಿಲ್ಲ. "ನಮ್ಮ ಮನೆಯಲ್ಲಿ ಹೀಗಾಯ್ತು, ನಿಮ್ಮಲ್ಲೂ ಒಮ್ಮೆ ನೋಡಿಸಿ" ಅಂದೆ. ಒಂದು ಮನೆಯಾಕೆ ನಿಂತಲ್ಲೇ ತಮ್ಮ ಕಾಲು ನೋಡಿಕೊಂಡರು. ಚಪ್ಪಲಿ ಹಾಕಿದ್ದರು.